ಹೂಳಿನ ನಡುವಿನ ನಡುಗಡ್ಡೆ

1920ರ ಅಕ್ಟೋಬರ್ 31. ಬೆಳಕು ಹರಿಯುವ ಮುಂಚೆ, ಕೆನಡಾದ ಲಂಡನ್ ಎಂಬ ಊರಿನಲ್ಲಿ ನಿದ್ದೆ ಬಾರದ ವೈದ್ಯ ಫ್ರೆಡರಿಕ್ ಬ್ಯಾಂಟಿಂಗ್ ಎದ್ದು ಒಂದು ಟಿಪ್ಪಣಿ ಬರೆದಿಟ್ಟ. ನಾಯಿಯ ಮೇದೋಜೀರಕ ಗ್ರಂಥಿಯ ನಾಳಗಳನ್ನು ಕಟ್ಟುವುದು. ದಾರಿ ಮುಚ್ಚಿದರೆ ಜೀರ್ಣರಸ ಮಾಡುವ ಜೀವಕೋಶಗಳು ಬಾಡುತ್ತವೆ; ಲ್ಯಾಂಗರ್‌ಹಾನ್ಸ್ ಎಂಬಾತ 1869ರಲ್ಲಿ ಆ ಗ್ರಂಥಿಯಲ್ಲಿ ಕಂಡಿದ್ದ ಜೀವಕೋಶಗಳ ಪುಟ್ಟ ನಡುಗಡ್ಡೆಗಳು ಮಾತ್ರ ಉಳಿಯುತ್ತವೆ. ಸಕ್ಕರೆಯನ್ನು ಹದದಲ್ಲಿಡುವ ರಸವನ್ನು ಆಗ ಅವುಗಳಿಂದ ತೆಗೆಯಬಹುದು. ಮರುವರ್ಷ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿದ್ದು ಈ ಎಳೆ ಹಿಡಿದು ಹೊರಟಿದ್ದರಿಂದ. ನಾಳ ಕಟ್ಟುವ ಅಗತ್ಯವೇ ಇರಲಿಲ್ಲವೆಂದು ಆಮೇಲೆ ತಿಳಿಯಿತು.

ಆ ಟಿಪ್ಪಣಿಯನ್ನು ನೆನೆದಾಗಲೆಲ್ಲ ನನಗೆ ಸಿಸ್ಟಿಕ್ ಫೈಬ್ರೋಸಿಸ್ ಹೊತ್ತು ಹುಟ್ಟುವ ಮಕ್ಕಳು ಕಣ್ಣಮುಂದೆ ಬರುತ್ತಾರೆ. ಅವರ ನಾಳ ಕಟ್ಟಲು ಯಾರ ದಾರವೂ ಬೇಡ. ಜೀವಕೋಶದ ಪೊರೆಯಲ್ಲಿ ಉಪ್ಪಿನಂಶವನ್ನು ದಾಟಿಸುವ ಒಂದು ತೂಬು ಕೆಟ್ಟಿರುತ್ತದೆ. ಉಪ್ಪು ಹೋಗದ ಕಡೆ ನೀರೂ ಹೋಗದು. ತೆಳ್ಳಗೆ ಹರಿಯಬೇಕಾದ ರಸ ಅಂಟಾಗಿ, ಎಷ್ಟೋ ಸಲ ಕೂಸು ತಾಯ ಹೊಟ್ಟೆಯಲ್ಲಿರುವಾಗಲೇ, ಕಾಲುವೆಗೆ ಹೂಳು ತುಂಬಿಬಿಡುತ್ತದೆ. 1938ರಲ್ಲಿ ನ್ಯೂಯಾರ್ಕಿನ ವೈದ್ಯೆ ಡೊರೊಥಿ ಆಂಡರ್ಸನ್, ತೀರಿಹೋದ ಎಳೆಮಕ್ಕಳ ಗ್ರಂಥಿಯಲ್ಲಿ ಆದ ಈ ಹಾನಿಯನ್ನು ಕಂಡು ವಿವರಿಸಿದರು.

ಆದರೂ ನಡುಗಡ್ಡೆಗಳು ಮುಳುಗುವುದಿಲ್ಲ! ಸುತ್ತಲಿನ ತೋಟವೆಲ್ಲ ಒಣಗಿ, ಗಾಯದ ಕಲೆಯಂಥ ನಾರೂ ಕೊಬ್ಬೂ ಒತ್ತರಿಸಿ ಬರುತ್ತಿದ್ದರೂ ಅವು ವರ್ಷಗಟ್ಟಲೆ ಇನ್ಸುಲಿನ್ ಜಿನುಗಿಸುತ್ತಲೇ ಇರುತ್ತವೆ. ಯಾವ ನೆಚ್ಚಿಕೆಯ ಮೇಲೆ? ನನ್ನ ಸೋಜಿಗ ಅಲ್ಲೇ ನಿಂತುಬಿಡುತ್ತದೆ. ಹರೆಯ ದಾಟುವ ಹೊತ್ತಿಗೆ ಹಲವರಲ್ಲಿ ಅವೂ ದಣಿಯುತ್ತವೆ. ಈ ಕಾಯಿಲೆಯೊಂದಿಗೆ ಬದುಕಿ ದೊಡ್ಡವರಾದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಸಕ್ಕರೆ ಕಾಯಿಲೆ ಬರುತ್ತದೆ. ಅದು ಟೈಪ್ 1 ಅಲ್ಲ, ಟೈಪ್ 2 ಕೂಡ ಅಲ್ಲ. ಸದ್ದಿಲ್ಲದೆ ಬಂದು, ಪತ್ತೆಯಾಗುವ ಮೊದಲೇ ತೂಕ ಇಳಿಸಿ, ಶ್ವಾಸಕೋಶದ ಕಸುವು ಕುಗ್ಗಿಸುತ್ತದೆ. ಅದಕ್ಕೇ 10ನೇ ವಯಸ್ಸಿನಿಂದ ವರ್ಷಕ್ಕೊಮ್ಮೆ ಗ್ಲೂಕೋಸ್ ನೀರು ಕುಡಿಸಿ ರಕ್ತ ನೋಡಬೇಕೆನ್ನುತ್ತಾರೆ.

ಸಕ್ಕರೆ ಕಾಯಿಲೆ ಎಂದರೆ ತಟ್ಟೆಯಿಂದ ಒಂದೊಂದೇ ತೆಗೆದಿಡುವುದು ಎಂದು ತಿಳಿದವರು ನಾವು. ಇಲ್ಲಿ ಹಾಗಲ್ಲ. ಉಂಡದ್ದು ಮೈಗೆ ಹತ್ತದ ಈ ಮಕ್ಕಳಿಗೆ ಊಟ ಕಡಿಮೆ ಮಾಡುವಂತಿಲ್ಲ. ಜಿಡ್ಡು, ಕಾಳು, ಹಾಲು ಎಲ್ಲ ಇರಲೇಬೇಕು. ಬದಲಿಗೆ ಇನ್ಸುಲಿನ್ ಚುಚ್ಚುತ್ತಾರೆ; ಉಂಡದ್ದನ್ನು ಮಾಂಸಖಂಡವಾಗಿಸುವುದೂ ಅದರ ಕೆಲಸವೇ.

ಸಿಸ್ಟಿಕ್ ಫೈಬ್ರೋಸಿಸ್‌ನ ಜೀನ್ 1989ರಲ್ಲಿ ಗೊತ್ತಾದಾಗ, ಅದನ್ನು ಹುಡುಕಿದವರಲ್ಲಿ ಟೊರಾಂಟೊದ ಮಕ್ಕಳ ಆಸ್ಪತ್ರೆಯವರೂ ಇದ್ದರು. ಅದೇ ಊರು. ನಾಯಿಗೆ ಕಟ್ಟಿದ ದಾರದಿಂದ ಶುರುವಾದ ಮದ್ದನ್ನು, ನಾಳ ಮುಚ್ಚಿಕೊಂಡೇ ಹುಟ್ಟಿದ ಹುಡುಗಿಯೊಬ್ಬಳು ಈ ಹೊತ್ತು ಎಲ್ಲೋ ಚುಚ್ಚಿಕೊಂಡು, ಜೀರ್ಣರಸದ ಬದಲಿಗೆ ಕಿಣ್ವದ ಕ್ಯಾಪ್ಸೂಲ್ ನುಂಗಿ, ಬೆಣ್ಣೆ ಬಳಿದ ಇನ್ನೊಂದು ರೊಟ್ಟಿಗೆ ಕೈ ಚಾಚುತ್ತಿರಬೇಕು.