ಸದ್ದು ಬಂದ ಕಡೆ, ದೋಷವಿರುವ ಕಡೆ

ಕಾರಣವು ಸ್ಪಷ್ಟವಾಗುವ ಮೊದಲೇ ಒಬ್ಬರನ್ನು ಕಾರಣರೆಂದು ಹೆಸರಿಸುವುದು ಕೇವಲ ಬುದ್ಧಿಯ ದೋಷವೇ, ಅಥವಾ ಆಚಾರದ ದೋಷವೂ ಹೌದೇ? ಕೊಲೆ, ಕಳವುಗಳಂತಹ ದೊಡ್ಡ ಅಪರಾಧಗಳ ಪ್ರಸಂಗದಲ್ಲಿ ಉತ್ತರ ಸುಲಭ, ನ್ಯಾಯಾಲಯಗಳಿರುವುದೇ ಅದಕ್ಕಾಗಿ. ಆದರೆ ಮನೆಯೊಳಗೇ ವಿಚಾರಣೆ ನಡೆದು ಮನೆಯೊಳಗೇ ತೀರ್ಪು ಹೊರಡುವ ಸಣ್ಣ ಸಂಗತಿಗಳಲ್ಲಿ ನಮ್ಮ ನಡೆ ಹೇಗಿರುತ್ತದೆ? ಅಂತಹ ಒಂದು ಸಂಗತಿಯನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮನೆಯ ಕಂಪ್ಯೂಟರಿನಿಂದ ಮತ್ತೆ ಮತ್ತೆ ಕೇಳಿಬರುತ್ತಿದ್ದ, ಮೂಲ ತಿಳಿಯದ ಒಂದು ಸದ್ದು ಅದರ ವಿಷಯ.

ಶಬ್ದವು ಆಕಾಶದ ಗುಣವಲ್ಲ, ಪುದ್ಗಲದ ಪರ್ಯಾಯ ಎಂಬುದು ಜೈನ ದರ್ಶನದ ನಿಲುವು. ಅದು ಬಂದು ಕಿವಿಯನ್ನು ಮುಟ್ಟಿದ ಮೇಲೆಯೇ ಕೇಳುವಿಕೆ. ತತ್ತ್ವಾರ್ಥಸೂತ್ರವು ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳನ್ನು ಹೇಳುತ್ತದೆ. ಅವುಗಳಲ್ಲಿ ಮೊದಲನೆಯದಕ್ಕೂ ಮೊದಲ ಮೆಟ್ಟಿಲಾದ ವ್ಯಂಜನಾವಗ್ರಹವನ್ನು ವಿವರಿಸಲು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಹೊಸ ಮಣ್ಣಿನ ಬಟ್ಟಲಿನ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಎರಡು ಮೂರು ಹನಿ ಬಿದ್ದರೆ ಬಟ್ಟಲು ಒದ್ದೆಯಾಗದು; ಮತ್ತೆ ಮತ್ತೆ ಬಿದ್ದಾಗ ಮೆಲ್ಲನೆ ತೇವ ತೋರುತ್ತದೆ. ಮರುಕಳಿಸುವ ಸದ್ದಿನ ವಿಷಯದಲ್ಲಿ ಇದು ಎಷ್ಟು ನಿಜ! ಮೊದಲ ಹತ್ತಾರು ಸಲ ಅದು ಕಿವಿಗೆ ತಾಕಿರುತ್ತದೆ, ಯಾರೂ ಕೇಳಿರುವುದಿಲ್ಲ. ಒಂದು ಸಂಜೆ ಯಾರೋ ತಲೆಯೆತ್ತಿ "ಏನದು?" ಎನ್ನುತ್ತಾರೆ. ಆ ಕ್ಷಣದಿಂದ ಮನೆಯವರೆಲ್ಲರೂ "ನಿನ್ನೆಯಿಂದ ಸದ್ದು ಶುರುವಾಗಿದೆ" ಎನ್ನತೊಡಗುತ್ತಾರೆ. ವಾಸ್ತವವಾಗಿ ನಿನ್ನೆ ಶುರುವಾದದ್ದು ಅವರ ಗಮನ. ಈ ವ್ಯತ್ಯಾಸ ತಿಳಿಯದಿದ್ದರೆ ಕಾರಣವನ್ನು ನಿನ್ನೆ ಮೊನ್ನೆಯ ಘಟನೆಗಳಲ್ಲಿಯೇ ಹುಡುಕುತ್ತೇವೆ. ನಿನ್ನೆ ಮೊನ್ನೆ ಮನೆಗೆ ಬಂದು ಹೋದವನು ಸಿಕ್ಕಿಬೀಳುತ್ತಾನೆ.

ನನಗೆ ಪರಿಚಿತವಾದ ಒಂದು ಕುಟುಂಬದಲ್ಲಿ ಆದದ್ದು ಇದೇ. ಹಜಾರದ ಮೂಲೆಯಲ್ಲಿ ಮೇಜು, ಅದರ ಮೇಲೆ ಕಂಪ್ಯೂಟರು, ಎರಡು ಪುಟ್ಟ ಸ್ಪೀಕರುಗಳು. ರಾತ್ರಿ ಮನೆ ನಿಶ್ಶಬ್ದವಾದ ಮೇಲೆ ಆ ಮೂಲೆಯಿಂದ ಜೀರುಂಡೆಯ ಕೂಗನ್ನು ತುಂಡು ತುಂಡು ಮಾಡಿದಂತೆ ಒಂದು ಕರ್ಕಶ ಧ್ವನಿ ಹೊರಟು, ನಾಲ್ಕಾರು ಕ್ಷಣ ಇದ್ದು, ನಿಲ್ಲುತ್ತಿತ್ತು. ಅದಕ್ಕೆ ವಾರದ ಹಿಂದೆಯಷ್ಟೇ ರಿಪೇರಿ ಅಂಗಡಿಯ ತರುಣನೊಬ್ಬ ಬಂದು ಯಂತ್ರದ ಮೆಮೊರಿ ಹೆಚ್ಚಿಸಿ ಹೋಗಿದ್ದ. ಅವನು ಫ್ಯಾನನ್ನು ಕೆಡಿಸಿದ್ದಾನೆಂದು ನಿರ್ಣಯವಾಯಿತು. ಅವನು ವಾದ ಮಾಡದೆ ಬಂದು, ಹಣ ಪಡೆಯದೆ ಹೊಸ ಫ್ಯಾನು ಹಾಕಿ ಹೋದ. ಎರಡು ರಾತ್ರಿ ಸದ್ದಿಲ್ಲ. "ನೋಡಿದಿರಾ, ಫ್ಯಾನೇ" ಎಂದರು. ಮೂರನೆಯ ರಾತ್ರಿ ಸದ್ದು ಮರಳಿತು. ಈಗ ಆರೋಪ ಬೆಳೆಯಿತು: ಹೊಸದೆಂದು ಹೇಳಿ ಹಳೆಯ ಫ್ಯಾನು ಹಾಕಿದ್ದಾನೆ. ಈ ಮಾತನ್ನು ಅವನ ಅಂಗಡಿಗೇ ಹೋಗಿ, ಬೇರೆ ಗಿರಾಕಿಗಳೆದುರು ಹೇಳಲಾಯಿತು.

ಯಂತ್ರದ ಸದ್ದುಗಳಿಗೆ ಮೂಲ ಹಲವು. ಫ್ಯಾನಿನ ಬೇರಿಂಗಿನ ಜಿಡ್ಡು ಒಣಗಿದರೆ ಅದು ಗೊರಗುಟ್ಟುತ್ತದೆ. ಸಡಿಲವಾದ ತಂತಿ ರೆಕ್ಕೆಗೆ ತಾಕಿದರೆ ಟಿಕ್ ಟಿಕ್ ಎನ್ನುತ್ತದೆ. ವಿದ್ಯುತ್ತಿನ ಹೊರೆ ಏರಿಳಿದಾಗ ತಾಮ್ರದ ಸುರುಳಿಗಳು ಸಣ್ಣಗೆ ಸಿಳ್ಳೆ ಹಾಕುತ್ತವೆ. ಬ್ಯಾಟರಿ ಕುಗ್ಗಿದ ಯುಪಿಎಸ್ ಮೇಜಿನಡಿಯಿಂದ ಬೀಪ್ ಎಂದರೆ ಕಂಪ್ಯೂಟರೇ ಕೂಗಿತೆಂದು ತೋರುತ್ತದೆ. ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನ ಓದುಗೈ ತನ್ನ ದಾರಿ ಕಾಣದೆ ಹಿಂದಿರುಗಿ ಮತ್ತೆ ಯತ್ನಿಸುವಾಗ ಕ್ಲಿಕ್ ಎಂಬ ಸದ್ದು ಬರುತ್ತದೆ. ಇಷ್ಟು ಸಾಧ್ಯತೆಗಳ ನಡುವೆ ಆ ಮನೆಯವರು ಒಂದನ್ನೇ ಹಿಡಿದದ್ದಕ್ಕೆ ಸದ್ದಿನ ಲಕ್ಷಣ ಕಾರಣವಾಗಿರಲಿಲ್ಲ. ಫ್ಯಾನಿನ ಹಿಂದೆ ಒಬ್ಬ ಮನುಷ್ಯನಿದ್ದ, ಅವನ ಮೇಲೆ ಕೋಪಿಸಿಕೊಳ್ಳಬಹುದಿತ್ತು. ಯುಪಿಎಸ್ ಮೇಲೆ ಕೋಪಿಸಿಕೊಂಡು ಫಲವೇನು!

ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ಆ ಮನೆಯ ಹುಡುಗಿ ಮಾತ್ರ ಒಂದು ಕಾಗದದಲ್ಲಿ ಸದ್ದು ಬಂದ ಹೊತ್ತನ್ನು ಬರೆಯತೊಡಗಿದಳು. ಈಹಾ ಎಂದರೆ ಇದೇ ಎಂದು ನನ್ನ ಭಾವನೆ. ಈಹಾ ಸಂಶಯವಲ್ಲ. ದೂರದ ಬಿಳಿಯ ಆಕೃತಿಯು ಬೆಳ್ಳಕ್ಕಿಯೋ ಪತಾಕೆಯೋ ಎಂದು ತೂಗಾಡುತ್ತ ನಿಲ್ಲುವುದು ಸಂಶಯ. ನಿರ್ಣಯದ ಕಡೆಗೆ ಬಾಗಿ, ರೆಕ್ಕೆಯ ಬಡಿತ ಕಂಡೀತೇ ಎಂದು ನೋಡುವುದು ಈಹಾ. ಐದು ದಿನಗಳ ಬರಹದಲ್ಲಿ ಬಹುಪಾಲು ಸದ್ದುಗಳ ನಡುವೆ ಒಂದೊಂದು ಗಂಟೆಯ ಅಂತರ ಕಂಡಿತು. ಬಿಸಿಯಾದಾಗ ಕೂಗುವ ಫ್ಯಾನಿಗೆ ಗಡಿಯಾರ ತಿಳಿಯದು. ಒಂದು ರಾತ್ರಿ ಅವಳು ಕಂಪ್ಯೂಟರನ್ನು ಪೂರ್ತಿ ಆರಿಸಿದಳು. ಆದರೂ ಸದ್ದು ಬಂದಿತು. ಫ್ಯಾನು ನಿರ್ದೋಷಿಯೆಂಬುದು ಅಲ್ಲಿಗೇ ಸಿದ್ಧವಾಯಿತು. ಬೇರೆ ಪ್ಲಗ್ಗಿನಿಂದ ವಿದ್ಯುತ್ ಪಡೆಯುತ್ತಿದ್ದ ಸ್ಪೀಕರನ್ನು ಆರಿಸಿದಾಗ ಸದ್ದು ನಿಂತಿತು. ದೊಡ್ಡವರು ಹೊಸ ಸ್ಪೀಕರ್ ತರಲು ಹೊರಟರು. ಅವಳು ತಡೆದಳು, ಗಂಟೆಯ ಲೆಕ್ಕಕ್ಕೆ ಸೇರದ ಮೂರು ಸದ್ದುಗಳು ಅವಳ ಕಾಗದದಲ್ಲಿದ್ದವು. ಆ ಮೂರರಲ್ಲಿಯೂ ಸದ್ದಾದ ಕೆಲವೇ ಕ್ಷಣಗಳಲ್ಲಿ ಅಜ್ಜನ ಫೋನು ಬಾರಿಸಿತ್ತು.

ಮಳೆಗಾಲದ ಮೊದಲಲ್ಲಿ ಊರಿನಿಂದ ಬಂದು ನೆಲೆಸಿದ ಅಜ್ಜ ತಮ್ಮ ಹಳೆಯ ಗುಂಡಿಯ ಫೋನನ್ನು ಸ್ಪೀಕರಿನ ಹಿಂದೆ ಚಾರ್ಜಿಗೆ ಇಡುತ್ತಿದ್ದರು. ನಮ್ಮ ದೇಶದಲ್ಲಿ ಮೊಬೈಲ್ ಸೇವೆ 1995ರಲ್ಲಿ ಆರಂಭವಾದಾಗಿನಿಂದ ಬಳಕೆಯಲ್ಲಿರುವ ಜಿಎಸ್‌ಎಂ ಪದ್ಧತಿಯಲ್ಲಿ 4.615 ಮಿಲಿಸೆಕೆಂಡಿನ ಕಾಲವನ್ನು ಎಂಟು ಪಾಲು ಮಾಡಲಾಗಿದೆ. ಫೋನು ತನ್ನ ಪಾಲಿನಲ್ಲಿ ಮಾತ್ರ ತರಂಗವನ್ನು ಹೊರಡಿಸಿ ಉಳಿದ ಪಾಲುಗಳಲ್ಲಿ ಸುಮ್ಮನಿರುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 217 ಮಿಡಿತಗಳು. ರೇಡಿಯೋ ತರಂಗ ನಮಗೆ ಕೇಳದು. ಆದರೆ ಸ್ಪೀಕರಿನ ತಂತಿ ಅದನ್ನು ಹಿಡಿದು, ಆಂಪ್ಲಿಫೈಯರು ಆ ಮಿಡಿತವನ್ನಷ್ಟೇ ಉಳಿಸಿಕೊಂಡಾಗ 217ರ ಕಂಪನ ಕಿವಿಗೆ ಬೀಳುತ್ತದೆ. ಕರೆ ಬರುವ ಮುನ್ನ ಫೋನು ಗೋಪುರದೊಡನೆ ಮಾತಾಡಬೇಕು, ಆದ್ದರಿಂದ ಗಂಟೆ ಬಾರಿಸುವ ಮೊದಲೇ ಸದ್ದು. ಯಾರೂ ಕರೆಯದಿದ್ದರೂ "ಇಲ್ಲಿದ್ದೇನೆ" ಎಂದು ಆಗಾಗ ವರದಿ ಒಪ್ಪಿಸಬೇಕು. ಅದರ ಅವಧಿಯನ್ನು ಜಾಲವು ಆರು ನಿಮಿಷಗಳ ಗುಣಕದಲ್ಲಿ ನಿಗದಿಮಾಡುತ್ತದೆ. ಇಲ್ಲಿ ಅದು ಒಂದು ಗಂಟೆಯಾಗಿತ್ತು. ಫೋನನ್ನು ಅಡುಗೆಮನೆಗೆ ಒಯ್ದಾಗ ಸದ್ದು ನಿಂತಿತು. ಮರಳಿ ತಂದಾಗ ಮುಂದಿನ ಗಂಟೆಗೆ ಬಂದಿತು. ನಡುವೆ ಶಾಂತವಾಗಿದ್ದ ಆ ಎರಡು ರಾತ್ರಿ ಅಜ್ಜ ಮದುವೆಗೆಂದು ಪರಊರಿಗೆ ಹೋಗಿದ್ದರು, ಫೋನಿನೊಡನೆ.

ಈ ಎರಡು ರಾತ್ರಿಗಳ ಮೇಲೆ ಸ್ವಲ್ಪ ನಿಲ್ಲಬೇಕು. ಅದಿಲ್ಲದಿದ್ದರೆ ಇದು ಹೇಗೂ ಸಂಭವಿಸದು ಎಂಬ ಅನ್ಯಥಾನುಪಪತ್ತಿಯೇ ಹೇತುವಿನ ಲಕ್ಷಣವೆಂದು ಜೈನ ತಾರ್ಕಿಕರು ನಿಷ್ಠುರವಾಗಿ ಹೇಳಿದ್ದಾರೆ. ಆ ಮೌನವು ಫ್ಯಾನು ಬದಲಾಗದಿದ್ದರೂ ಸಂಭವಿಸುತ್ತಿತ್ತು, ಸಂಭವಿಸಿತು ಕೂಡ. ಆದರೂ ಅದು ಎಂತಹ ಪ್ರಬಲ ಸಾಕ್ಷಿಯಾಗಿ ಕಂಡಿತು! ಮೊದಲೇ ನಿರ್ಣಯ ಮಾಡಿಕೊಂಡವನಿಗೆ ಆಕಸ್ಮಿಕವೂ ಪ್ರಮಾಣವಾಗುತ್ತದೆ. ಸ್ಪೀಕರಿನ ಮಾತು ಇನ್ನೂ ಸೂಕ್ಷ್ಮ. ಅದಿಲ್ಲದೆ ಸದ್ದಿಲ್ಲ, ನಿಜ. ಕಂಪಿಸಿದ್ದು ಅದರ ಹಾಳೆಯೇ, ಉಪಾದಾನ ಅದು. ನಿಮಿತ್ತವು ಬೇರೆಯೇ ಇತ್ತು. ಸದ್ದು ಬಂದ ಕಡೆಯೇ ದೋಷವಿದೆಯೆಂದು ನಂಬಿದವರು ಒಳ್ಳೆಯ ಸ್ಪೀಕರನ್ನು ಎಸೆಯುತ್ತಿದ್ದರು. ಇನ್ನು ಅಜ್ಜನನ್ನಾಗಲಿ ಫೋನನ್ನಾಗಲಿ ದೋಷಿ ಎನ್ನಬಹುದೇ? ಎರಡೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದವು. ಇಡೀ ಪ್ರಸಂಗದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಂಗಡಿಯಲ್ಲಿ ಆಡಿದ ಆ ಮಾತೊಂದನ್ನು ಬಿಟ್ಟು.

ಹದಿನೆಂಟು ಪಾಪಸ್ಥಾನಗಳಲ್ಲಿ ಅಭ್ಯಾಖ್ಯಾನವೂ ಒಂದು: ಇಲ್ಲದ ದೋಷವನ್ನು ಮತ್ತೊಬ್ಬರ ಮೇಲೆ ಹೊರಿಸುವುದು. "ನಾವು ತಿಳಿದೂ ತಿಳಿದೂ ಸುಳ್ಳಾಡಲಿಲ್ಲ, ನಿಜವೆಂದೇ ನಂಬಿದ್ದೆವು" ಎಂದು ಆ ಮನೆಯವರು ಹೇಳಬಹುದು. ಆದರೆ ಆ ನಂಬಿಕೆಯನ್ನು ಅವರು ಯಾವ ಬೆಲೆಗೆ ಕೊಂಡರು? ಒಂದು ಸ್ವಿಚ್ ಆರಿಸಿ ಒಂದು ಗಂಟೆ ಕಾದಿದ್ದರೆ ಸತ್ಯ ತಿಳಿಯುತ್ತಿತ್ತು. ತಿಳಿಯುವ ಉಪಾಯ ಕೈಯಳತೆಯಲ್ಲಿದ್ದೂ ಅದನ್ನು ಬಳಸದೆ ಆಡಿದ ಮಾತು ಪ್ರಮಾದದ ಮಾತು. ಪ್ರಮಾದವನ್ನು ಬುದ್ಧಿಯ ಲೆಕ್ಕಕ್ಕೆ ಬರೆದು ಆಚಾರದ ಲೆಕ್ಕದಿಂದ ಬಿಡಿಸಲು ನನ್ನಿಂದಾಗದು.

ಹಾಗಾದರೆ ಪೂರ್ಣ ನಿಶ್ಚಯವಾಗುವವರೆಗೆ ಕೈಕಟ್ಟಿ ಕೂರಬೇಕೇ ಎಂದು ಕೇಳುವವರಿದ್ದಾರೆ. ಬಸದಿಯ ಟ್ರಸ್ಟಿನ ಲೆಕ್ಕಪತ್ರಗಳಿರುವ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕ್ಲಿಕ್ ಎನ್ನತೊಡಗಿದರೆ ಐದು ದಿನ ಬರೆಯುತ್ತ ಕುಳಿತುಕೊಳ್ಳುವುದು ಮೂರ್ಖತನ. ಆ ಗಳಿಗೆಯೇ ದಾಖಲೆಗಳ ಪ್ರತಿ ಮಾಡಿಕೊಳ್ಳಬೇಕು. ಆದರೆ ಗಮನಿಸಿ, ಪ್ರತಿ ಮಾಡಲು ಯಾರೂ ಅಪರಾಧಿಯಾಗಬೇಕಿಲ್ಲ. ಎಚ್ಚರಿಕೆಗೆ ಅನುಮಾನ ಸಾಕು, ಆರೋಪಕ್ಕೆ ಅದು ಸಾಲದು. ಇವೆರಡನ್ನೂ ಒಂದೇ ಉಸಿರಿನಲ್ಲಿ ಮಾಡುವ ಚಾಳಿ ನಮ್ಮ ಆಡಳಿತ ಸಭೆಗಳಲ್ಲಿಯೂ ಇಲ್ಲದಿಲ್ಲ.

ಆ ಮನೆಯಲ್ಲಿ ಕೊನೆಗೆ ಉಳಿದದ್ದು ಒಂದು ಚರ್ಚೆ. ಫ್ಯಾನಿನ ಹಣ ಕಳುಹಿಸಿದರೆ ಸಾಕು, ಅವನು ಮರೆತಿರುತ್ತಾನೆ, ಹಳೆಯದನ್ನು ಏಕೆ ಕೆದಕಬೇಕು ಎಂದು ಕೆಲವರು. ಮಾತನ್ನು ಆಡಿದ್ದು ಅಂಗಡಿಯಲ್ಲಿ, ಜನರೆದುರು. ಹಿಂತೆಗೆದುಕೊಳ್ಳುವುದೂ ಅಲ್ಲಿಯೇ ಆಗಬೇಕೆಂದು ಅಜ್ಜ ಹಟ ಹಿಡಿದರು. ಮರುದಿನ ಬೆಳಗ್ಗೆ ಮೊಮ್ಮಗಳನ್ನು ಕರೆದುಕೊಂಡು ತಾವೇ ಹೋದರು.