ಏರಿಗೆ ನಾಲ್ಕು ಹಲ್ಲು

ಕಷ್ಟವನ್ನು ಕಡಿಮೆ ಮಾಡಿಕೊಂಡವನಿಗೆ ಫಲದಲ್ಲಿಯೂ ಕಡಿಮೆ ಪಾಲು ಸಲ್ಲಬೇಕೆಂಬ ನಂಬಿಕೆ ನಮ್ಮಲ್ಲಿ ಬಹಳ ಆಳವಾಗಿ ಬೇರೂರಿದೆ. ಬೆಟ್ಟವನ್ನು ಬರಿಗಾಲಲ್ಲಿ ಹತ್ತಿದವನ ಭಕ್ತಿ ಬಸ್ಸಿನಲ್ಲಿ ಹೋದವನ ಭಕ್ತಿಗಿಂತ ಒಂದು ತೂಕ ಹೆಚ್ಚೆಂದು ನಾವು ವಾದವಿಲ್ಲದೆ ಒಪ್ಪಿಕೊಳ್ಳುತ್ತೇವೆ. ಈ ನಂಬಿಕೆಯನ್ನು ಸ್ವಲ್ಪ ತಿರುಗಿಸಿ ನೋಡುವ ಅವಕಾಶ ನನಗೆ ಒದಗಿದ್ದು ಒಂದು ಅಗ್ಗದ ಸೈಕಲ್ಲಿನಿಂದ.

ಮಂಗಳೂರಿನಲ್ಲಿ ಸಮತಟ್ಟಾದ ರಸ್ತೆಯೆಂದರೆ ಒಂದು ಏರಿಗೂ ಇನ್ನೊಂದು ಏರಿಗೂ ನಡುವಣ ವಿರಾಮ ಮಾತ್ರ. ಹಂಪನಕಟ್ಟೆಯಿಂದ ಬಾವುಟಗುಡ್ಡೆಯ ಕಡೆಗೆ ಸೈಕಲ್ಲು ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನನ್ನದು ಗೇರಿಲ್ಲದ, 28 ಅಂಗುಲದ ಗಾಲಿಯ ಸೈಕಲ್ಲು. ಪೆಡಲಿನ ಬಳಿಯ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಹಿಂದಕ್ಕೆ 22 ಹಲ್ಲಿನ ಫ್ರೀವೀಲು ಹಾಕಿ ಚೈನಿಗೆ ಒಂದು ಜೊತೆ ಕೊಂಡಿ ಸೇರಿಸಿದರೆ ಸಾಕು, ಹೊಸ ಸೈಕಲ್ಲು ಬೇಡ ಎಂದು ರಿಪೇರಿ ಅಂಗಡಿಯವರು ಹೇಳಿದರು, ಹಾಗೆಯೇ ಮಾಡಿಸಿದೆ. ಸುದ್ದಿ ತಿಳಿದು ಕಾಲೇಜಿನ ಹಿರಿಯ ಮಿತ್ರರೊಬ್ಬರು, “ಅಲ್ಲ ಮಾರಾಯ್ರೇ, ಸುಲಭ ಮಾಡಿಕೊಂಡ ಮೇಲೆ ತುಳಿಯುವುದು ಯಾಕೆ? ಬಸ್ಸಿಗೇ ಬರಬಹುದಿತ್ತಲ್ಲ!” ಎಂದರು. ನಗೆಯ ಮಾತೇ. ಆದರೂ ಅದರೊಳಗೆ ಒಂದು ಸಿದ್ಧಾಂತ ಕುಳಿತಿತ್ತು.

ಸಿದ್ಧಾಂತ ಹಳೆಯದು. 1903ರಲ್ಲಿ ಟೂರ್ ದ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಆನ್ರಿ ದೆಗ್ರಾಂಜ್ ಮಹಾಶಯನಿಗೆ ಗೇರು ಬದಲಿಸುವ ಯಂತ್ರವೆಂದರೆ ಆಗದು. ಅದೆಲ್ಲ ನಲವತ್ತೈದು ದಾಟಿದವರಿಗೆ. ಗೆಲುವು ಸ್ನಾಯುವಿನದಾಗಬೇಕು, ಯಂತ್ರದ ಉಪಾಯದ್ದಲ್ಲ ಎಂಬುದು ಆತನ ನಿಲುವು. (ಆ ಗಡಿಯ ಸಮೀಪದಲ್ಲಿರುವ ನನಗೆ ಈ ರಿಯಾಯಿತಿ ಹಿತವಾಗಿಯೇ ಇದೆ.) ಆ ಪಂದ್ಯದಲ್ಲಿ ಡಿರೈಲರ್ ಗೇರಿಗೆ ಅನುಮತಿ ದೊರೆತದ್ದು 1937ರಲ್ಲಿ. ಅದೇ ದೇಶದ ಸೇಂತ್ ಎತಿಯೆನ್ ಊರಿನ ಪಾಲ್ ದ ವಿವಿ, ವೆಲೋಸಿಯೊ ಎಂಬ ಹೆಸರಿನಿಂದ ಬರೆಯುತ್ತಿದ್ದವನು, ತನ್ನೂರಿನ ಬೆಟ್ಟಗಳನ್ನು ತಾನೇ ಹತ್ತಿ ನೋಡಿ, ಹಲವು ಗೇರುಗಳ ಪರವಾಗಿ ವರ್ಷಗಟ್ಟಲೆ ವಾದಿಸಿದ.

ಪಂದ್ಯದ ಮಟ್ಟಿಗೆ ದೆಗ್ರಾಂಜನ ಮಾತಿನಲ್ಲಿ ನ್ಯಾಯವಿದೆ. ಆಟವೆಂಬುದು ನಾವೇ ಬೇಕೆಂದು ಒಡ್ಡಿಕೊಂಡ ಅಡಚಣೆ. ಅಡಚಣೆ ಹೋದರೆ ಆಟವೂ ಹೋಯಿತು. ಆದರೆ ಕೆಲಸಕ್ಕೆ ಹೋಗುವವನ ದಾರಿಯಲ್ಲಿ ಗುಡ್ಡವನ್ನು ಯಾರೂ ಆಟಕ್ಕಾಗಿ ಇಟ್ಟಿಲ್ಲ.

ಇನ್ನು, ಸುಲಭವಾಯಿತೆಂಬ ಮಾತಾದರೂ ನಿಜವೇ? ನಾನೂ ಸೈಕಲ್ಲೂ ಸೇರಿ 85 ಕಿಲೋ ತೂಗುತ್ತೇವೆ. 440 ಮೀಟರು ಉದ್ದದಲ್ಲಿ 30 ಮೀಟರು ಮೇಲೇರುವ ರಸ್ತೆಯೊಂದಿದೆ ಎಂದಿಟ್ಟುಕೊಳ್ಳಿ. ಭಾರವನ್ನು ಅಷ್ಟೆತ್ತರಕ್ಕೆ ಎತ್ತಲು ಸುಮಾರು 25,000 ಜೂಲಿನ ಕೆಲಸ ಬೇಕು. ಫ್ರೀವೀಲಿಗೆ 18 ಹಲ್ಲಿರಲಿ, 22 ಇರಲಿ, ಇದರಲ್ಲಿ ಒಂದು ಜೂಲೂ ಮಾಫಿಯಿಲ್ಲ. ಮೊದಲು ಪೆಡಲು ಒಂದು ಸುತ್ತು ಬಂದರೆ 5.4 ಮೀಟರು ಮುಂದೆ ಹೋಗುತ್ತಿದ್ದೆ, ಈಗ 4.4 ಮೀಟರು. ಎಂಬತ್ತೊಂದೆರಡು ಸುತ್ತಿನಲ್ಲಿ ಮುಗಿಯುತ್ತಿದ್ದ ಏರಿಗೆ ಈಗ ನೂರು ಸುತ್ತು ಬೇಕು. ಒಂದೊಂದು ತುಳಿತದ ಬಲ ನೂರಕ್ಕೆ ಹದಿನೆಂಟರಷ್ಟು ಇಳಿಯಿತು, ಅಷ್ಟೆ. ಸಾಲದ ಮೊತ್ತ ಅದೇ, ಕಂತುಗಳು ಹೆಚ್ಚಾದುವು. ಬಡ್ಡಿಯೂ ಉಂಟು: ಇಳಿಜಾರಿನಲ್ಲಿ ಚಕ್ರದ ವೇಗಕ್ಕೆ ಕಾಲು ಸಮನಾಗದೆ ಪೆಡಲು ಬರಿದೇ ಸುತ್ತುತ್ತದೆ.

ತರಗತಿಯಲ್ಲಿಯೂ ನನಗೆ ಇದೇ ಪ್ರಶ್ನೆ ಎದುರಾಗುತ್ತದೆ. ಪಂಪನ ಪದ್ಯವನ್ನು ಪದಚ್ಛೇದ ಮಾಡಿಸಿಯೇ ಓದಿಸುವವನು ನಾನು. ಇದರಿಂದ ಹುಡುಗರು ಹಾಳಾಗುತ್ತಾರೆಂದು ಹೇಳುವವರಿದ್ದಾರೆ. ಪದವನ್ನು ಬಿಡಿಸಿದ ಮೇಲೆಯೂ ಪದ್ಯವನ್ನು ಹುಡುಗನೇ ಓದಬೇಕು. ಒಂದು ಶಬ್ದವೂ ಬಿಟ್ಟುಹೋಗುವುದಿಲ್ಲ. ಗೈಡಿನ ಸಾರಾಂಶದ ಕತೆ ಬೇರೆ. ಅದು ಏರಿನಲ್ಲಿ ಲಾರಿಯ ಹಿಂಬದಿಯನ್ನು ಹಿಡಿದುಕೊಂಡು ಹೋದಂತೆ. ಇಷ್ಟು ಹೇಳಿ ಗೆರೆ ಎಳೆದುಬಿಡುವ ಆಸೆಯಾಗುತ್ತದೆ. ಆದರೆ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡಿ, ಕನ್ನಡವನ್ನು ಶಾಲೆಯಲ್ಲಿ ಕಲಿತು ಬಂದ ಹುಡುಗಿ ಮೊದಲು ಸಾರಾಂಶ ಓದಿ, ಅದರ ಬೆಳಕಿನಲ್ಲಿ ಪದ್ಯಕ್ಕೆ ಬಂದರೆ, ಅವಳ ಪಾಲಿಗೆ ಅದೇ 22 ಹಲ್ಲು. ನೆರವು ಯಾವುದು, ವಂಚನೆ ಯಾವುದು ಎಂಬುದು ಪುಸ್ತಕ ನೋಡಿದರೆ ತಿಳಿಯದು. ಓದುವವಳು ಆಮೇಲೆ ಪದ್ಯಕ್ಕೆ ಬಂದಳೋ ಇಲ್ಲವೋ ನೋಡಬೇಕು.

ಕಷ್ಟದ ಹಿರಿಮೆಯನ್ನು ಹಾಡುವವರಲ್ಲಿ ಹೆಚ್ಚಿನವರು ಅದನ್ನು ಬೇಡವೆನ್ನಬಲ್ಲವರು. ನಾನೂ ಅವರಲ್ಲೊಬ್ಬ, ಮೊಣಕಾಲು ನೊಂದರೆ ನನಗೆ ಬಸ್ಸಿದೆ. ಸೈಕಲ್ಲಿಗೆ ಗ್ಯಾಸಿನ ಸಿಲಿಂಡರು ಕಟ್ಟಿಕೊಂಡು ಹೋಗುವವನ ವಿಷಯವೇ ಬೇರೆ. ಅಡಿಗೆಯ ಅನಿಲವೊಂದೇ 14.2 ಕಿಲೋ, ಉಕ್ಕಿನ ತೂಕ ಹೆಚ್ಚಿಗೆ. ಏರಿನಲ್ಲಿ ಆತ ಇಳಿದು, ಒಂದು ಕೈ ಹ್ಯಾಂಡಲಿಗೆ, ಒಂದು ಕೈ ಸಿಲಿಂಡರಿಗೆ ಕೊಟ್ಟು ತಳ್ಳುತ್ತಾನೆ. ಅವನ ಬೆವರನ್ನು ತಪಸ್ಸೆಂದು ಹೊಗಳುವುದು ನನಗೆ ಅಸಹ್ಯವೆನಿಸುತ್ತದೆ. 22 ಹಲ್ಲಿನ ಫ್ರೀವೀಲನ್ನು ನನ್ನಂಥವರಿಗಿಂತ ಹೊರೆ ಸಾಗಿಸುವವರೇ ಹೆಚ್ಚಾಗಿ ಕೇಳಿಕೊಂಡು ಬರುತ್ತಾರೆಂದು ಅಂಗಡಿಯವರು ಹೇಳಿದರು. “ಅವರಿಗೆ ದಿನಕ್ಕೆ ಎಷ್ಟು ಸಲ ಹತ್ತಲಿಕ್ಕುಂಟು ಮಾಷ್ಟ್ರೇ,” ಎಂದು ನನ್ನ ಹಳೆಯ ಫ್ರೀವೀಲನ್ನು ಡಬ್ಬಿಗೆ ಹಾಕಿದರು.