ಬಿಡಿಭಾಗ ಬದಲಾದರೆ ಗಾಡಿ ಬದಲಾಯಿತೆ?

ಹಳೆಯ ವಸ್ತುವೊಂದನ್ನು ಹಣ ತೆತ್ತು ಕೊಳ್ಳುವಾಗ ನಾವು ನಿಜವಾಗಿ ಕೊಳ್ಳುವುದು ಏನನ್ನು? ಪಾತ್ರೆಯಾದರೆ ಕಂಚಿನ ತೂಕ, ಒಡವೆಯಾದರೆ ಚಿನ್ನದ ಒರೆ ಎಂದು ಹೇಳಿ ಮುಗಿಸಬಹುದು. ಆದರೆ ಅಜ್ಜಿಯ ಮೂಗುತಿಯನ್ನು ಅಕ್ಕಸಾಲಿಗನ ತಕ್ಕಡಿಗೆ ಹಾಕುವಾಗ ಕೈ ಏಕೆ ತಡೆಯುತ್ತದೆ? ತಕ್ಕಡಿಗೆ ಸಿಗದ ಏನೋ ಒಂದು ಅದರಲ್ಲಿದೆ ಎಂದು ಮನಸ್ಸಿಗೆ ಗೊತ್ತು. ಆ ‘ಏನೋ ಒಂದು’ ಎಲ್ಲಿರುತ್ತದೆ, ವಸ್ತುವಿನ ಭಾಗಗಳು ಒಂದೊಂದಾಗಿ ಬದಲಾದ ಮೇಲೂ ಅದು ಉಳಿಯುತ್ತದೆಯೆ ಎಂಬ ಚರ್ಚೆಯನ್ನು ನಾವೆಲ್ಲ ಸಾಧಾರಣವಾಗಿ ತತ್ತ್ವಶಾಸ್ತ್ರಿಗಳಿಗೆ ಬಿಟ್ಟುಬಿಡುತ್ತೇವೆ. ಆದರೆ 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟು ಒಂದು ಕೋಟಿ ಪೌಂಡಿನ ವ್ಯಾಜ್ಯವೊಂದರಲ್ಲಿ ಇದೇ ಪ್ರಶ್ನೆಗೆ ಉತ್ತರ ಹೇಳಬೇಕಾಗಿ ಬಂತು. ವ್ಯಾಜ್ಯಕ್ಕೆ ಕಾರಣವಾದದ್ದು ಒಂದು ಹಳೆಯ ಮೋಟಾರು ಗಾಡಿ.

ಬೆಂಟ್ಲಿ ಕಂಪೆನಿಯ ‘ಸ್ಪೀಡ್ ಸಿಕ್ಸ್’ ಮಾದರಿಯ ಈ ರೇಸು ಕಾರಿಗೆ ಅಭಿಮಾನಿಗಳು ಇಟ್ಟ ಹೆಸರು ‘ಓಲ್ಡ್ ನಂಬರ್ ಒನ್’. ಫ್ರಾನ್ಸಿನ ಲೆ ಮಾನ್‌ನಲ್ಲಿ ಇಪ್ಪತ್ತನಾಲ್ಕು ಗಂಟೆ ಎಡೆಬಿಡದೆ ನಡೆಯುವ ಓಟವನ್ನು ಇದು 1929ರಲ್ಲಿ ಗೆದ್ದಿತು; 1930ರಲ್ಲಿ ಮತ್ತೆ ಗೆದ್ದಿತು. ಎರಡು ಸಲವೂ ಚಕ್ರ ಹಿಡಿದವರಲ್ಲಿ ವುಲ್ಫ್ ಬಾರ್ನಾಟೊ ಒಬ್ಬರು. ಜೊತೆಗಾರರಾಗಿ ಮೊದಲ ಸಲ ಬರ್ಕಿನ್, ಎರಡನೆಯ ಸಲ ಕಿಡ್‌ಸ್ಟನ್ ಇದ್ದರು. 1929ರಲ್ಲಂತೂ ಮೊದಲ ನಾಲ್ಕು ಸ್ಥಾನಗಳೂ ಬೆಂಟ್ಲಿ ಗಾಡಿಗಳ ಪಾಲಾದುವು. ಇಷ್ಟು ಕೀರ್ತಿ ಗಳಿಸಿದ ಕಂಪೆನಿ 1931ರಲ್ಲಿ ರೋಲ್ಸ್ ರಾಯ್ಸ್‌ನವರ ಕೈಸೇರಿತು. ಗಾಡಿ ಮಾತ್ರ ಓಡುತ್ತಲೇ ಇತ್ತು. ಆರೂವರೆ ಲೀಟರಿನ ಎಂಜಿನ್ನಿನ ಜಾಗಕ್ಕೆ ಎಂಟು ಲೀಟರಿನ ಎಂಜಿನ್ನು ಬಂತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ನಡೆದ ಐನೂರು ಮೈಲಿಯ ಸ್ಪರ್ಧೆಯಲ್ಲಿ ಇದನ್ನು ನಡೆಸುತ್ತಿದ್ದ ಕ್ಲೈವ್ ಡನ್‌ಫಿ ಎಂಬ ತರುಣ, ಗಾಡಿ ಇಳಿಜಾರು ಗೋಡೆಯಂಥ ಪಥದ ಅಂಚನ್ನು ದಾಟಿ ಹಾರಿದಾಗ ಸತ್ತನು. ಆಮೇಲೆ ಮುರಿದ ಗಾಡಿಯನ್ನು ಮತ್ತೆ ಕಟ್ಟಲಾಯಿತು.

ಸುಮಾರು ಆರು ದಶಕಗಳ ತರುವಾಯ ಅದರ ಮಾಲೀಕರು ಗಾಡಿಯನ್ನು ಒಂದು ಕೋಟಿ ಪೌಂಡಿಗೆ ಮಾರಲು ಒಪ್ಪಂದ ಮಾಡಿಕೊಂಡರು. ಕೊಳ್ಳಲು ಒಪ್ಪಿದ ಕಂಪೆನಿ ಬಳಿಕ ಹಿಂದೆಗೆಯಿತು. ಇದು ಆ ‘ಓಲ್ಡ್ ನಂಬರ್ ಒನ್’ ಅಲ್ಲ ಎಂಬುದು ಅದರ ವಾದ. ವಾದದಲ್ಲಿ ಹುರುಳಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ನ್ಯಾಯಮೂರ್ತಿ ಆಟನ್ ಅವರು ತಜ್ಞರ ಸಾಕ್ಷ್ಯವನ್ನೆಲ್ಲ ಕೇಳಿ ಲೆಕ್ಕ ಹಾಕಿದಾಗ, 1929ರಲ್ಲಿ ಗೆದ್ದ ಗಾಡಿಯದೆಂದು ಖಚಿತವಾಗಿ ತೋರಿಸಬಲ್ಲ ಭಾಗ ಒಂದೂ ಸಿಕ್ಕಲಿಲ್ಲ. 1930ರದೆಂದು ಹೇಳಬಹುದಾದವು ಪೆಡಲಿನ ದಂಡ, ಗೇರ್ ಬಾಕ್ಸಿನ ಕವಚ, ಸ್ಟಿಯರಿಂಗ್ ಕಂಬ, ಅಷ್ಟೆ. ಚೌಕಟ್ಟು, ಮುಂದಿನ ಅಚ್ಚು, ಎಂಜಿನ್ನು ಮೊದಲಾದ ಹೆಚ್ಚಿನ ಭಾಗಗಳು 1932ರ ಗಾಡಿಯವು.

ಹಾಗಿದ್ದೂ ತೀರ್ಪು ಮಾರುವವರ ಕಡೆಗಾಯಿತು. ತೀರ್ಪಿನ ಸಾರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಮೊದಲು ತಯಾರಾದ ಸ್ಥಿತಿಯಲ್ಲೇ ಇರುವ ‘ಮೂಲ’ ಗಾಡಿ ಇದಲ್ಲ, ಆದರೆ ಯಾವ ಹಂತದಲ್ಲೂ ಇದರ ಬಾಳು ತುಂಡಾಗಿಲ್ಲ. ಹೊಸ ಭಾಗಗಳು ಬಂದಂತೆಲ್ಲ ಹಳೆಯ ಮೈಯಲ್ಲಿ ಬೆರೆತುಹೋದವು. ಈ ಹೆಸರಿಗೆ ಹಕ್ಕುದಾರನಾಗಬಲ್ಲ ಬೇರೆ ಗಾಡಿ ಜಗತ್ತಿನಲ್ಲಿಲ್ಲ. ಮಾರಾಟವಾದದ್ದು ಕಬ್ಬಿಣವಷ್ಟೇ ಅಲ್ಲ, ಅದರ ಇತಿಹಾಸ ಮತ್ತು ಕೀರ್ತಿ ಕೂಡ.

ನಮ್ಮ ದೇಶದವರಿಗೆ ಈ ವಾದ ಹೊಸದೇನೂ ಅಲ್ಲ. ‘ಮಿಲಿಂದಪಞ್ಹ’ ಎಂಬ ಪಾಲಿ ಗ್ರಂಥದಲ್ಲಿ ಭಿಕ್ಷು ನಾಗಸೇನ ಗ್ರೀಕ್ ಅರಸ ಮಿಲಿಂದನನ್ನು ಕೇಳುತ್ತಾನೆ: ನೀನು ಬಂದ ರಥ ಎಂದರೆ ಯಾವುದು, ಗಾಲಿಯೆ, ಅಚ್ಚೆ, ನೊಗವೆ? ಇವು ಯಾವುದೂ ಅಲ್ಲ, ಇವೆಲ್ಲ ಕೂಡಿದಾಗ ನಾವು ಕೊಡುವ ಹೆಸರು ‘ರಥ’ ಎಂದು ಅರಸ ಒಪ್ಪಬೇಕಾಗುತ್ತದೆ. ಗ್ರೀಕರ ಪ್ಲುಟಾರ್ಕ್ ಥೀಸಿಯಸ್ಸನ ಹಡಗಿನ ಕತೆ ಹೇಳಿದ್ದಾನೆ: ಅಥೆನ್ಸಿನವರು ಕೊಳೆತ ಹಲಗೆಗಳನ್ನು ತೆಗೆದು ಹೊಸದನ್ನು ಜೋಡಿಸುತ್ತ ಹೋದರು, ಅದೇ ಹಡಗೆಂದು ಕೆಲವರು, ಅಲ್ಲವೆಂದು ಕೆಲವರು. ಹದಿನೇಳನೆಯ ಶತಮಾನದ ಇಂಗ್ಲಿಷ್ ದಾರ್ಶನಿಕ ಹಾಬ್ಸ್ ಇದಕ್ಕೊಂದು ಕೊಕ್ಕೆ ಹಾಕಿದ: ತೆಗೆದೆಸೆದ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ, ಎರಡರಲ್ಲಿ ಥೀಸಿಯಸ್ಸನದು ಯಾವುದು?

ಹಾಬ್ಸನ ಕೊಕ್ಕೆ ಹಳೆಯ ಕಾರುಗಳ ಲೋಕದಲ್ಲಿ ದಿನನಿತ್ಯದ ತಂಟೆ. ಆ ಕಾಲದ ಬೆಂಟ್ಲಿ ಕಂಪೆನಿ ಮಾರುತ್ತಿದ್ದುದು ಎಂಜಿನ್ನು ಕೂಡಿಸಿದ ಚೌಕಟ್ಟನ್ನು. ಮೇಲಿನ ಮೈಯನ್ನು ಬೇರೆ ಕುಶಲಕರ್ಮಿಗಳು ಕಟ್ಟುತ್ತಿದ್ದರು. ಆದ್ದರಿಂದ ಒಂದರ ಮೈ ಇನ್ನೊಂದಕ್ಕೆ, ಮತ್ತೊಂದರ ಎಂಜಿನ್ನು ಮಗುದೊಂದಕ್ಕೆ ಹೋಗುವುದು ಸುಲಭ. ಅಭಿಮಾನಿಗಳು ಸೇರಿದಲ್ಲಿ ಚೌಕಟ್ಟಿನ ಸಂಖ್ಯೆ, ಎಂಜಿನ್ನಿನ ಸಂಖ್ಯೆ, ಹಳೆಯ ಛಾಯಾಚಿತ್ರದಲ್ಲಿ ಕಾಣುವ ಒಂದು ತಗ್ಗು, ಒಂದು ಮೊಳೆ, ಇವುಗಳ ಮೇಲೆ ಗಂಟೆಗಟ್ಟಲೆ ಚರ್ಚೆ. ಹೊರಗಿನವರಿಗೆ ಇದು ಶ್ರೀಮಂತರ ಹುಚ್ಚಾಗಿ ಕಾಣಬಹುದು. ನಮಗಂತೂ ಇದರಲ್ಲಿ ಒಂದು ಬಗೆಯ ಸತ್ಯನಿಷ್ಠೆ ಕಾಣುತ್ತದೆ. ಸತ್ತವರ ಸಾಹಸವನ್ನು ಸುಳ್ಳು ಹೆಸರಿನಲ್ಲಿ ಮಾರಬಾರದು ಎಂಬ ಕಾಳಜಿ ಅದು.

ಇಲ್ಲಿ ನೀತಿಯ ಪ್ರಶ್ನೆ ತತ್ತ್ವದ ಪ್ರಶ್ನೆಯಿಂದ ಬೇರೆಯಾಗುತ್ತದೆ. ಭಾಗ ಬದಲಾಯಿಸುವುದರಲ್ಲಿ ಪಾಪವಿಲ್ಲ. ಓಡುವ ಗಾಡಿ ಸವೆಯುತ್ತದೆ, ಸವೆದದ್ದನ್ನು ಬದಲಾಯಿಸದಿದ್ದರೆ ಅದು ಓಡುವುದಿಲ್ಲ. ನಮ್ಮೂರುಗಳ ತೇರಿನ ಗಾಲಿ ಹಾಳಾದರೆ ಹೊಸ ಗಾಲಿ ಮಾಡಿಸುತ್ತೇವೆ, ಹಗ್ಗ ಹಿಸಿದರೆ ಹೊಸ ಹಗ್ಗ ತರುತ್ತೇವೆ. ಹೊಸ ತೇರು ಎಳೆದೆವೆಂದು ಯಾರೂ ಹೇಳುವುದಿಲ್ಲ. ಪುರಿಯಲ್ಲಿ ನವಕಳೇಬರವೆಂದು ಜಗನ್ನಾಥನ ಮರದ ಮೂರ್ತಿಯನ್ನೇ ಬದಲಾಯಿಸುತ್ತಾರೆ, 1996ರಲ್ಲೂ 2015ರಲ್ಲೂ ಹಾಗೆ ನಡೆಯಿತು. ದೇವರು ಬದಲಾದನೆಂದು ಭಕ್ತರಿಗೆ ಅನ್ನಿಸಲಿಲ್ಲ. ಪಾಪವಿರುವುದು ಬದಲಾಯಿಸಿದ್ದನ್ನು ಮುಚ್ಚಿಡುವುದರಲ್ಲಿ. ನಿನ್ನೆ ಮಾಡಿದ ಗಾಡಿಗೆ ಹಳೆಯ ಸಂಖ್ಯೆಯ ತಗಡು ಹೊಡೆದವನು, ಅವನ ಕೆಲಸ ಎಷ್ಟೇ ಅಂದವಾಗಿರಲಿ, ಕಳ್ಳನೇ. ಅದೇ ಗಾಡಿಯನ್ನು ‘ಇದು ಪ್ರತಿಕೃತಿ’ ಎಂದು ಹೇಳಿ ಮಾರಿದವನು ಮರ್ಯಾದಸ್ಥ. ಕಬ್ಬಿಣ ಎರಡರಲ್ಲೂ ಒಂದೇ. ಅದೇ ರೀತಿ, ಕೊಳ್ಳುವವನಿಗೂ ಒಂದು ಧರ್ಮವಿದೆ: ಕೇಳಬೇಕಾದ್ದನ್ನು ಮಾತು ಕೊಡುವ ಮುಂಚೆ ಕೇಳಬೇಕು.

ಒಂದು ಆಕ್ಷೇಪ ಉಳಿಯುತ್ತದೆ. ‘ಬಾಳು ತುಂಡಾಗದಿದ್ದರೆ ಸಾಕು ಎಂದರೆ, ಕೊನೆಗೆ ಹೆಸರೊಂದೇ ಉಳಿದರೂ ಅದನ್ನು ಅಸಲಿ ಎನ್ನಬಹುದಲ್ಲ?’ ಆಕ್ಷೇಪ ನ್ಯಾಯವಾದದ್ದು. ಪೆಡಲಿನ ದಂಡ ಮತ್ತು ಸ್ಟಿಯರಿಂಗ್ ಕಂಬ ಉಳಿದದ್ದು ನಮ್ಮ ಮನಸ್ಸಿಗೆ ಸಮಾಧಾನ ಕೊಡುವುದು ಅದಕ್ಕೇ. ಚಾಲಕನ ಕಾಲೂ ಕೈಯೂ ತಾಕಿದ ಜಾಗ ಅವು. ಬರೀ ಕಾಗದದ ಮೇಲಿನ ಪರಂಪರೆ ತೀರ ತೆಳ್ಳನೆಯದು.

ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ತೀರ್ಪನ್ನು ದೂರದಿಂದ ನೋಡಿ ಸುಮ್ಮನಿರಲು ಆಗುವುದಿಲ್ಲ. ನಮ್ಮ ಮನೆಗಳಲ್ಲೂ ಬಿಡಿಭಾಗಗಳು ಬದಲಾಗುತ್ತಲೇ ಇವೆ. ಹಿತ್ತಲು ಹೋಗಿ ಬಾಲ್ಕನಿ ಬಂತು, ಬೀಸುವ ಕಲ್ಲು ಹೋಗಿ ಮಿಕ್ಸಿ ಬಂತು, ಮಾತಿನಲ್ಲಿ ಮರಾಠಿಯೋ ತಮಿಳೋ ಹಿಂದಿಯೋ ಸೇರಿತು. ಊರಿಗೆ ಹೋದಾಗ ‘ನಿಮ್ಮದೆಂಥ ಕನ್ನಡ’ ಎಂದು ಬಂಧುಗಳು ನಗುತ್ತಾರೆ. ನಗಲಿ. ನಾವು ‘ಮೂಲ’ ಸ್ಥಿತಿಯಲ್ಲಿಲ್ಲ; ಊರಿನಲ್ಲಿ ಉಳಿದವರೂ ಇಲ್ಲ. ಮನೆಯೊಳಗೆ ಕನ್ನಡದ ಓಟ ನಿಲ್ಲದಿದ್ದರೆ, ಹೊರಗಿನಿಂದ ಬಂದ ಶಬ್ದಗಳು ಅದರೊಳಗೆ ಬೆರೆತುಹೋಗುತ್ತವೆ. ಚಿಂತೆ ಮಾಡಬೇಕಾದ್ದು ಓಟ ನಿಂತಾಗ. ಒಂದು ತಲೆಮಾರು ಮಾತು ಬಿಟ್ಟು, ವರ್ಷಕ್ಕೊಮ್ಮೆ ರಾಜ್ಯೋತ್ಸವದ ದಿನ ಪೇಟ ಸುತ್ತಿಕೊಂಡು ವೇದಿಕೆ ಏರಿದರೆ, ಅದು ಹೊಳೆಯುವ ಪ್ರತಿಕೃತಿ. ಪ್ರತಿಕೃತಿಗೂ ಅದರದೇ ಬೆಲೆ ಉಂಟು, ಹೆಸರು ಮಾತ್ರ ಸರಿಯಾಗಿ ಹೇಳಬೇಕು. ಮಾತು ಕಳೆದುಕೊಂಡ ಮನೆಯ ಮೊಮ್ಮಗಳೊಬ್ಬಳು ನಾಳೆ ಕುಳಿತು ಅಕ್ಷರ ಕಲಿತರೆ ಅವಳನ್ನು ನಕಲಿ ಎನ್ನುವ ಎದೆ ನಮಗಿಲ್ಲ. ಅಪಘಾತದ ನಂತರ ಮತ್ತೆ ಕಟ್ಟಿದ ಗಾಡಿಯೂ ಅದೇ ಹೆಸರನ್ನು ಉಳಿಸಿಕೊಂಡಿತಲ್ಲವೆ?

ಆದರೆ ಹಾಗೆ ಕಟ್ಟುವವಳ ಕೈಗೆ ಹಿಡಿಯಲು ಹಳೆಯದೊಂದು ತುಂಡಾದರೂ ಸಿಗಬೇಕು. ಒಂದು ಜೋಗುಳ, ಒಂದು ಗಾದೆ, ಅಜ್ಜಿ ಕರೆಯುತ್ತಿದ್ದ ಒಂದು ಹೆಸರು. ಅದನ್ನು ಮನೆಯಲ್ಲಿ ಇಟ್ಟುಹೋಗುವ ಹೊಣೆ ಇಂದು ಮನೆ ನಡೆಸುತ್ತಿರುವ ನಮ್ಮದು.